ಹುಳು ಮನೆಗೊಂದು ಮೂಗು

ಪಟ್!

ಸುರುಳಿ ಸುತ್ತಿದ ಹಳೆಯ ನೋಟ್‌ಬುಕ್ಕು ಗೋಡೆಗೆ ಬಡಿಯಿತು. ನೊಣ ಹಾರಿಹೋಯಿತು.

ಪಟ್! ಈ ಸಲ ಕಂಬಕ್ಕೆ. ನೊಣ ಮತ್ತೆ ಹಾರಿಹೋಯಿತು.

ಆಮೇಲೆ ಅದು ಹೋಗಿ ಅಜ್ಜಿಯ ಮಂಡಿಯ ಮೇಲೆ ಕೂತಿತು. ನವ್ಯಶ್ರೀ ಉಸಿರು ಬಿಗಿಹಿಡಿದು, ತುದಿಗಾಲಿನಲ್ಲಿ ಹತ್ತಿರ ಹೋದಳು.

ಪಟ್!

“ಅಯ್ಯಯ್ಯೋ!” ಪಡಸಾಲೆಯಲ್ಲಿ ಮಲಗಿದ್ದ ಅಜ್ಜಿ ಮುನಿಗಂಗಮ್ಮ ದಡಕ್ಕನೆ ಎದ್ದು ಕೂತಳು. “ಯಾವೋಳೇ ಅದು? ಮೊದ್ಲೇ ಮಂಡಿನೋವು ಅಂತ ನಾನು ಒದ್ದಾಡ್ತಾ ಇದ್ರೆ!”

“ನೊಣ ಅಜ್ಜಿ. ಸತ್ತೋಯ್ತು ನೋಡು!”

“ನೊಣ ಎಲ್ಲಿ ಸತ್ತಿದೆ? ಸಾಯೋ ಹಂಗಾಗಿರೋಳು ನಾನು!”

ಹೌದು, ನೊಣ ಸತ್ತಿರಲಿಲ್ಲ. ಅಜ್ಜಿಯ ನಸ್ಯದ ಡಬ್ಬಿಯ ಮೇಲೆ ಆರಾಮವಾಗಿ ಕೂತು, ಊಟಕ್ಕೆ ಮೊದಲು ಕೈ ತೊಳೆಯುವವರ ಹಾಗೆ ಮುಂಗಾಲು ಉಜ್ಜಿಕೊಳ್ಳುತ್ತಿತ್ತು.

ಮಾರ್ಚ್ ತಿಂಗಳ ಕೊನೆಯ ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಬಂದಾಗಿನಿಂದ ನವ್ಯಶ್ರೀ ಈ ಯುದ್ಧದಲ್ಲಿದ್ದಳು. ಬಿಸಿಲು ಏರಿದ ಹಾಗೆ ಊರಿನ ಮನೆಮನೆಯಲ್ಲೂ ನೊಣ ಹೆಚ್ಚಾಗಿತ್ತು. ಆದರೆ ಊರಿನ ಚಿಂತೆ ಅವಳಿಗೆ ಬೇಡ. ತಮ್ಮ ಮನೆಯಲ್ಲಿ ಮಾತ್ರ ನಾಳೆ ಹತ್ತು ಗಂಟೆಯೊಳಗೆ ಒಂದೇ ಒಂದು ನೊಣವೂ ಇರಬಾರದು.

ಯಾಕೆಂದರೆ ನಾಳೆ ಮೇಘನ ಬರುತ್ತಾಳೆ.

ಮೇಘನ ಅವಳ ಕ್ಲಾಸಿನವಳೇ. ನಂದಗುಡಿಯ ಮೇನ್ ರೋಡಿನಲ್ಲಿ ಅವಳಪ್ಪನ ಮೊಬೈಲ್ ಅಂಗಡಿ, ಅದರ ಮೇಲೆ ಅವರ ಮನೆ. ಅವಳು ರೇಷ್ಮೆ ಹುಳು ನೋಡಿರಲಿಲ್ಲ. ನೋಡಲೇಬೇಕೆಂದು ಒಂದು ವಾರದಿಂದ ನವ್ಯಶ್ರೀಯ ಬೆನ್ನು ಹತ್ತಿದ್ದಳು. ಮೇಘನ ನಾಯಿಗೆ ಹೆದರುವವಳಲ್ಲ, ಮ್ಯಾತ್ಸ್ ಟೆಸ್ಟಿಗೂ ಹೆದರುವವಳಲ್ಲ. ಆದರೆ ತಟ್ಟೆಯ ಮೇಲೆ ಒಂದು ನೊಣ ಕೂತರೆ ಮುಗಿಯಿತು, ಊಟ ಬಿಟ್ಟು ಎದ್ದೇ ಹೋಗುತ್ತಾಳೆ. ಬಿಸಿಯೂಟದ ಹೊತ್ತಿನಲ್ಲಿ ನವ್ಯಶ್ರೀ ಇದನ್ನು ಎರಡು ಸಲ ನೋಡಿದ್ದಳು.

“ನಿಮ್ಮನೇಲಿ ನೊಣ ಇದಾವೇನೇ?” ಎಂದು ಮೇಘನ ಕೇಳಿದ್ದಳು.

“ಛೇ! ಇಲ್ವೇ ಇಲ್ಲ,” ಎಂದುಬಿಟ್ಟಿದ್ದಳು ನವ್ಯಶ್ರೀ.

ಹೇಳುವಾಗ ಅದು ಪುಟ್ಟ ಸುಳ್ಳಾಗಿತ್ತು. ಈಗ ರೆಕ್ಕೆ ಬಂದು ಮನೆ ತುಂಬ ಗುಯ್ಯೆನ್ನುತ್ತಿತ್ತು.

“ಎಲ್ಲಾ ಈ ಹಸುವಿಂದಾನೇ ಅಜ್ಜಿ. ಅದನ್ನ ದೂರ ಕಟ್ಟಿ ಅಂದ್ರೆ ಯಾರೂ ಕೇಳಲ್ಲ.”

“ದೂರ ಕಟ್ಟಿ ಹದಿನೈದು ದಿನ ಆಯ್ತು. ಸೆಖೆ ಅಂತ ಹೊಂಗೆ ಮರದ ಕೆಳಗೇ ಇದೆ ಅದು. ಕಣ್ಣು ಬಿಟ್ಟು ನೋಡಿದೀಯೇನು?”

“ಹಂಗಾದ್ರೆ ನಮ್ಮ ಮನೆಗೂ ನೆಟ್ ಹಾಕ್ಸಿ. ಹುಳಕ್ಕೆ ನೆಟ್ ಬಾಗ್ಲು, ನೆಟ್ ಕಿಟಕಿ. ನಮ್ಗೆ ಮಾತ್ರ ನೊಣ!”

“ಹುಳ ನಮ್ಗೆ ಅನ್ನ ಕೊಡುತ್ತೆ. ನೀನೇನು ಕೊಡ್ತೀಯ? ಮಂಡಿಗೆ ಏಟು!”

ಮನೆಯ ಹಿಂದೆ ಮೂವತ್ತು ಹೆಜ್ಜೆ ದೂರದಲ್ಲಿ ಹುಳು ಮನೆ ಇತ್ತು. ಊಜಿ ನೊಣ ಎನ್ನುವ ಒಂದು ಜಾತಿಯ ನೊಣ ಒಳಗೆ ನುಗ್ಗಿ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಆ ಹುಳು ಉಳಿಯುವುದಿಲ್ಲ. ಅದಕ್ಕೇ ಅಪ್ಪ ಚಲಪತಿ ಅಲ್ಲಿನ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಬಿಗಿದಿದ್ದ.

ಈಗ ಅಲ್ಲಿ ನಲವತ್ತು ಸಾವಿರ ಹುಳುಗಳಿದ್ದವು. ನಾಲ್ಕನೆಯ ಜ್ವರ ಮುಗಿಸಿ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳು ಒಂದು ದಿನ ಊಟ ಬಿಟ್ಟು ಅಲ್ಲಾಡದೆ ಮಲಗುತ್ತದೆ. ಅದನ್ನೇ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಬಿಟ್ಟ ಮೇಲೆ ಅವಕ್ಕೆ ಎಂಥ ಹಸಿವು ಗೊತ್ತೆ? ಹಾಕಿದ ಹಿಪ್ಪುನೇರಳೆ ಸೊಪ್ಪು ಕಣ್ಣೆದುರಿಗೇ ಖಾಲಿ! ಇನ್ನು ನಾಲ್ಕು ದಿನ ಹೊಟ್ಟೆ ತುಂಬ ತಿಂದರೆ ಗೂಡು ಕಟ್ಟಲು ಶುರು ಮಾಡುತ್ತವೆ. ಇಷ್ಟು ದಿನದ ದುಡಿಮೆಯೆಲ್ಲ ಆ ನಾಲ್ಕು ದಿನದಲ್ಲಿತ್ತು.

ಅಷ್ಟು ತಿನ್ನುವ ಹುಳುವಿಗೆ ಒಂದಿಷ್ಟು ಕೆಟ್ಟ ಗಾಳಿ ತಾಗಿದರೂ ಆಗದು. ಅದಕ್ಕೇ ಹುಳು ಇರುವಷ್ಟು ದಿನ ಮನೆಯಲ್ಲಿ ಸೊಳ್ಳೆ ಕಾಯಿಲ್ ಇಲ್ಲ, ಊದುಬತ್ತಿ ಇಲ್ಲ, ಸೆಂಟು ಇಲ್ಲ. ಅಜ್ಜಿಯ ನಸ್ಯದ ಡಬ್ಬಿಯೂ ಹುಳು ಮನೆಯ ಹತ್ತಿರ ಸುಳಿಯುವಂತಿಲ್ಲ, ಅಜ್ಜಿ ಕೈ ತೊಳೆಯದೆ ಅಲ್ಲಿಗೆ ಹೋಗುವಂತಿಲ್ಲ. ಹೋದ ಬೆಳೆಯಲ್ಲಿ ಸೋದರಮಾವ ಸೆಂಟು ಹಾಕಿಕೊಂಡು ಗಮಗಮ ಎನ್ನುತ್ತಾ ಬಂದಿದ್ದ. ಅಜ್ಜಿ ಅವನನ್ನು ನಲ್ಲಿಯ ಕೆಳಗೆ ಕೂರಿಸಿ, ಸೋಪು ಹಾಕಿ ತಿಕ್ಕಿ, ಆಮೇಲೇ ಒಳಗೆ ಬಿಟ್ಟಿದ್ದಳು.

ಇದೆಲ್ಲ ನವ್ಯಶ್ರೀಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳ ಸ್ಕೂಲ್ ಬ್ಯಾಗಿನಲ್ಲಿ, ಪೇಪರಿನಲ್ಲಿ ಸುತ್ತಿದ ಒಂದು ಸ್ಪ್ರೇ ಡಬ್ಬಿ ಇತ್ತು. ನೊಣ, ಜಿರಳೆ ಎಲ್ಲ ಸಾಯುವ ಸ್ಪ್ರೇ. ಕೊಟ್ಟವಳು ಮೇಘನಳೇ.

“ನಮ್ಮ ಪಕ್ಕದ ತೋಟದ ಆದಿನಾರಾಯಣಪ್ಪ ತಾತ ಇದಾರಲ್ಲ, ಅವ್ರ ಮನೇಲಿ ನೊಣ ಜಾಸ್ತಿ ಕಣೆ. ಅವ್ರಿಗೆ ಬೇಕಂತೆ,” ಎಂದು ಹೇಳಿ ನವ್ಯಶ್ರೀ ಅವಳಿಂದ ಇಸಿದುಕೊಂಡಿದ್ದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆಯಾಗಿತ್ತು.

ಅಜ್ಜಿ ಗೊಣಗುತ್ತಾ ಎದ್ದು ಹಸುವಿಗೆ ನೀರು ಕೊಡಲು ಹೋದಳು. ಅಪ್ಪ, ಅಮ್ಮ ಹುಳು ಮನೆಯಲ್ಲಿದ್ದರು. ನವ್ಯಶ್ರೀ ಡಬ್ಬಿ ತೆಗೆದಳು.

‘ಹುಳು ಮನೇಲಿ ತಾನೇ ಹೊಡೀಬಾರ್ದು? ಅದು ಅಲ್ಲೆಲ್ಲೋ ಇದೆ. ಇದು ಪಡಸಾಲೆ,’ ಎಂದುಕೊಂಡಳು. ಬೇಕಾದ ಹಾಗೆ ಯೋಚನೆ ಮಾಡುವುದರಲ್ಲಿ ಅವಳು ಗಟ್ಟಿಗಿತ್ತಿ.

ಪಡಸಾಲೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲ ಹೊದಿಸಿದ ದೊಡ್ಡ ಗುಡ್ಡೆ ಇತ್ತು. ಎಲ್ಲ ಕಡೆಯ ನೊಣಗಳೂ ತಂಪು ಹುಡುಕಿಕೊಂಡು ಅಲ್ಲೇ ಸೇರಿದ್ದವು. ಎಳ್ಳು ಚೆಲ್ಲಿದ ಹಾಗೆ ಗೋಣಿ ಕಪ್ಪಾಗಿತ್ತು.

ಪುಸ್ಸ್ಸ್!

ನೊಣಗಳು ತಿರುಗಿ ತಿರುಗಿ ಬಿದ್ದವು. ಎರಡು ಮಾತ್ರ ಗೋಣಿಯ ಅಂಚಿನ ಕೆಳಗೆ ನುಸುಳಿದವು.

“ಎಲ್ಲಿಗೆ ಹೋಗ್ತೀರಾ?” ನವ್ಯಶ್ರೀ ಗೋಣಿಯ ಅಂಚು ಎತ್ತಿ ಒಳಗೂ ಹೊಡೆದಳು. ಪುಸ್ಸ್ಸ್! ಪುಸ್ಸ್ಸ್!

ಸದ್ದಡಗಿತು. ಪಡಸಾಲೆಯಲ್ಲಿ ಒಂದು ನೊಣವೂ ಹಾರುತ್ತಿರಲಿಲ್ಲ. ನವ್ಯಶ್ರೀ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾಳೆ ಮೇಘನ ಇಲ್ಲೇ ಕೂತು ಊಟ ಮಾಡಬಹುದು! ಸತ್ತ ನೊಣಗಳನ್ನು ಗುಡಿಸಿ ಹೊರಗೆ ಹಾಕಿ, ಕುಣಿಯುತ್ತಾ ಒಳಗೆ ಹೋಗಿ ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟಳು.

ಹಿತ್ತಲಿನಿಂದ ಅಮ್ಮನ ದನಿ ಕೇಳಿತು. “ಅತ್ತೇ, ನಾಕು ಗಂಟೆ ಆಯ್ತು! ಸೊಪ್ಪು ತರ್ತೀರಾ?”

“ತಂದೇ ತಂದೇ,” ಎಂದಳು ಅಜ್ಜಿ.

ಸೊಪ್ಪು.

ನವ್ಯಶ್ರೀ ಬ್ಯಾಗು ಕೈಬಿಟ್ಟಳು. ಸೊಪ್ಪು ಇಡುವ ಕೋಣೆಯ ಶೀಟು ಕಾದು ಎಲೆ ಬಾಡುತ್ತದೆಂದು ಅಮ್ಮ ನಾಲ್ಕು ದಿನದಿಂದ ಸೊಪ್ಪನ್ನು ಪಡಸಾಲೆಯಲ್ಲೇ ಇಡುತ್ತಿದ್ದಳು. ಒದ್ದೆ ಗೋಣಿಯ ಕೆಳಗಿದ್ದದ್ದು ಅದೇ. ಸಂಜೆಗೂ ರಾತ್ರಿಗೂ ಸೇರಿ ಅಪ್ಪ ಬೆಳಗ್ಗೆ ಕೊಯ್ದು ತಂದ ಸೊಪ್ಪು!

ಅವಳು ಹೊರಗೆ ಓಡಿ ಬರುವಷ್ಟರಲ್ಲಿ ಅಜ್ಜಿ ಒಂದು ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಹಿತ್ತಲು ದಾಟುತ್ತಿದ್ದಳು. ಪಡಸಾಲೆಯಲ್ಲಿ ಸ್ಪ್ರೇ ವಾಸನೆ ಘಾಟು ಹೊಡೆಯುತ್ತಿತ್ತು. ಆದರೆ ಅಜ್ಜಿಯ ಮೂಗಿಗೆ ಅದೊಂದೂ ತಿಳಿಯದು. ನಲವತ್ತು ವರ್ಷ ನಸ್ಯ ಏರಿಸಿದ ಆ ಮೂಗಿಗೆ ಸಾರು ಸೀದರೂ ಗೊತ್ತಾಗುತ್ತಿರಲಿಲ್ಲ.

ಅಂದರೆ ಇದು ಯಾರಿಗೂ ಗೊತ್ತಿಲ್ಲ. ನವ್ಯಶ್ರೀಗೆ ಒಬ್ಬಳಿಗೇ ಗೊತ್ತು.

ಅವಳು ಅಜ್ಜಿಯ ಹಿಂದೆ ನಡೆದಳು. ‘ಗೋಣಿ ಮೇಲೆ ಬಿದ್ದಿದ್ದೇ ಜಾಸ್ತಿ. ಸೊಪ್ಪಿಗೆ ಸ್ವಲ್ಪ. ಏನೂ ಆಗಲ್ವೇನೋ,’ ಎಂದು ಒಂದು ಮನಸ್ಸು ಹೇಳಿತು. ಹೇಳಿದರೆ ಅಪ್ಪ ಬೈಯುತ್ತಾನೆ. ಮೇಘನಳನ್ನು ಬರಬೇಡ ಎನ್ನುತ್ತಾನೆ. ಹೇಳದಿದ್ದರೆ?

ಅಜ್ಜಿ ಚಪ್ಪಲಿ ಬಿಟ್ಟು, ಬಾಗಿಲ ಬಳಿಯ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದಳು. ನವ್ಯಶ್ರೀಯೂ ಕಾಲೆತ್ತಿದಳು. ತಟ್ಟನೆ ತನ್ನ ಕೈಯ ವಾಸನೆ ಅವಳ ಮೂಗಿಗೇ ಹೊಡೆಯಿತು. ಒಳಗೆ ಹೋಗುವ ಹಾಗಿರಲಿಲ್ಲ. ಪರದೆಯ ಆಚೆ ಹುಳುಗಳು ಕಾಣುತ್ತಿದ್ದವು. ಹಸಿದಿದ್ದವು. ನಲವತ್ತು ಸಾವಿರವೂ ತಲೆ ಎತ್ತಿ, ಸೊಪ್ಪು ಎಲ್ಲಿ ಸೊಪ್ಪು ಎಲ್ಲಿ ಎಂದು ಅತ್ತಿತ್ತ ಆಡಿಸುತ್ತಿದ್ದವು.

ಅಜ್ಜಿ ಹೊರೆ ಇಳಿಸಿ ಹಗ್ಗ ಬಿಚ್ಚಿದಳು.

“ಅಜ್ಜೀ! ಹಾಕ್ಬೇಡ! ವಿಷ ಆಗಿದೆ ಅದು!”

ನವ್ಯಶ್ರೀ ಎಷ್ಟು ಜೋರಾಗಿ ಕೂಗಿದಳೆಂದರೆ ಹೊಂಗೆ ಮರದ ಕೆಳಗಿನ ಹಸುವೂ ಎದ್ದು ನಿಂತಿತು.

ಅಪ್ಪ ಬಂದ. ಸೊಪ್ಪು ಮೂಸಿದ. ಅವನ ಮುಖ ಬಿಳುಚಿಕೊಂಡಿತು. ಹೊರೆಯನ್ನು ಎತ್ತಿಕೊಂಡು ಹೊರಗೆ ಬಂದ.

“ಯಾರು ಹೊಡೆದಿದ್ದು?” ಎಂದಳು ಅಮ್ಮ.

“ನಾನೇ. ನೊಣ ಸಾಯ್ಲಿ ಅಂತ.”

“ಸ್ಪ್ರೇ ಎಲ್ಲಿಂದ ಬಂತೇ?”

“ನಾನೇ ಕೇಳಿ ಇಸ್ಕೊಂಡೆ. ಕೊಟ್ಟೋರ್ದು ತಪ್ಪಿಲ್ಲ.” ಅಷ್ಟು ಹೇಳುವುದರೊಳಗೆ ನವ್ಯಶ್ರೀಗೆ ಅಳು ಬಂತು. “ಹುಳ ಸತ್ತೋಗುತ್ತಾ ಅಪ್ಪ?”

“ತಿಂದಿಲ್ವಲ್ಲ. ತಿಂದಿದ್ರೆ ಬೆಳಗ್ಗೆಗೆ ಒಂದೂ ಇರ್ತಿರ್ಲಿಲ್ಲ,” ಎಂದ ಅಪ್ಪ. ಹೊರೆಗೆ ಮತ್ತೆ ಹಗ್ಗ ಬಿಗಿದ. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎನ್ನಿಸಿತು ಅವಳಿಗೆ.

“ಅಳೋದು ಆಮೇಲೆ,” ಎಂದು ಅಜ್ಜಿ ಅವಳ ರಟ್ಟೆ ಹಿಡಿದಳು. “ಮೊದ್ಲು ನಲ್ಲಿ ಕೆಳಗೆ ಕೂತ್ಕೋ!”

ಸೋದರಮಾವನಿಗೆ ಆದದ್ದೇ ಸೊಸೆಗೂ ಆಯಿತು. ಅಜ್ಜಿ ಸೋಪು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದಳು. ಮಂಡಿಯ ಏಟಿಗೂ ಸೇರಿಸಿಯೇ ತಿಕ್ಕಿದಳು. ಅಷ್ಟರಲ್ಲಿ ಅಮ್ಮ ಡಬ್ಬಿಯನ್ನು ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಗೇಟಿನ ಆಚೆ ಕಲ್ಲುಕಂಬದ ಸಂದಿಯಲ್ಲಿಟ್ಟು ಬಂದಳು. ಹಸು ತಿಂದುಬಿಟ್ಟೀತೆಂದು ಅಪ್ಪ ಆ ಸೊಪ್ಪನ್ನೆಲ್ಲ ದೂರದಲ್ಲಿ ಗುಂಡಿ ತೆಗೆದು ಮುಚ್ಚಿದ.

“ನಮ್ಮ ತೋಟದಲ್ಲಿ ಕೊಯ್ಯೋ ಹಂಗಿರೋ ಸೊಪ್ಪು ನಾಳೆಯಿಂದ ಮುಂದಕ್ಕೆ ಮಾತ್ರ ಸರಿಹೋಗುತ್ತೆ. ಇವತ್ತಿಗೆ ಆದಿನಾರಾಯಣಪ್ಪೋರನ್ನೇ ಕೇಳ್ಬೇಕು,” ಎಂದ ಅಪ್ಪ. “ಅವ್ರ ಹುಳ ಎಲ್ಲಾ ಗೂಡು ಕಟ್ತಾ ಇದೆ. ಸೊಪ್ಪು ಮಿಕ್ಕಿರುತ್ತೆ. ನೀನೇ ಹೋಗಿ ಕೇಳು.”

“ನಾನಾ?”

“ಇನ್ಯಾರು?”

ಅವಳು ಸುಳ್ಳು ಹೇಳಿದ್ದು ಆ ತಾತನ ಹೆಸರಿನಲ್ಲೇ. ಕೇಳಬೇಕಾದವರು ಬೇರೆ ಯಾರಾದರೂ ಆಗಿದ್ದರೆ ನವ್ಯಶ್ರೀಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಒದ್ದೆ ತಲೆಯಲ್ಲೇ ಪಕ್ಕದ ತೋಟಕ್ಕೆ ಹೋದಳು. ದೊಡ್ಡ ಬಿಳಿ ಮೀಸೆಯ ಆದಿನಾರಾಯಣಪ್ಪ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

“ತಾತ, ಸೊಪ್ಪು ಬೇಕಿತ್ತು.”

“ನಿಮ್ಮಪ್ಪ ಬೆಳಗ್ಗೆ ಕೊಯ್ದಿದ್ದ ನೋಡ್ದೆ. ಏನಾಯ್ತು ಅದು?”

ನವ್ಯಶ್ರೀ ಎಲ್ಲ ಹೇಳಿದಳು. ತಾತ ಪೇಪರ್ ಮಡಿಸಿದರು. ಮೀಸೆ ಸವರಿಕೊಂಡರು. ಆಮೇಲೆ ಒಳಗೆ ಯಾರಾದರೂ ಕೇಳುತ್ತಿದ್ದಾರೇನೋ ಎಂದು ಬಾಗಿ ನೋಡಿದರು.

“ಯಾರ್ಗೂ ಹೇಳ್ಬೇಡ ಪಾಪ. ನಾನು ಹೊಸದಾಗಿ ಮದ್ವೆ ಆಗಿದ್ದಾಗ ಅತ್ತರು ಬಳ್ಕೊಂಡು ಹುಳ ಮನೆಗೆ ಹೋಗಿದ್ದೆ. ಎರಡು ಬಿದಿರು ತಟ್ಟೆ ತುಂಬ ಇದ್ದ ಹುಳ ಸತ್ತೋಯ್ತು. ನಮ್ಮಪ್ಪ ಊರೋರನ್ನೆಲ್ಲಾ ಕೇಳ್ತಾ ಇದ್ರು, ಯಾಕಿಂಗಾಯ್ತು ಅಂತ. ನಾನು ಬಾಯೇ ಬಿಡ್ಲಿಲ್ಲ. ನೀನು ಕೂಗ್ದಲ್ಲ, ವಾಸಿ ಬಿಡು.”

ನವ್ಯಶ್ರೀಗೆ ಸ್ವಲ್ಪ ಧೈರ್ಯ ಬಂತು. “ತಾತ, ಇನ್ನೊಂದಿದೆ. ನಿಮ್ಮನೇಲಿ ನೊಣ ಜಾಸ್ತಿ ಅಂತ ನನ್ ಫ್ರೆಂಡ್ ಹತ್ರ ಸುಳ್ಳು ಹೇಳಿದೀನಿ.”

ತಾತ ಮೀಸೆಯ ಮೇಲೆ ಕೂತ ನೊಣವನ್ನು ಪೇಪರಿನಿಂದ ಓಡಿಸಿದರು. “ಅದೇನು ಸುಳ್ಳಲ್ಲ ಬಿಡು. ಕುಡುಗೋಲು ತಗೋ, ನಡಿ!”

ಬಿಸಿಲು ತಗ್ಗುತ್ತಿತ್ತು. ಅಪ್ಪನೂ ತಾತನೂ ಕೊಯ್ದರು, ಅಮ್ಮ ಹೊರೆ ಕಟ್ಟಿದಳು, ನವ್ಯಶ್ರೀ ಹೊತ್ತಳು. ಒಂದಲ್ಲ, ಐದು ಸಲ ಹೊತ್ತಳು. ಕುತ್ತಿಗೆ ನೋವು ಬಂದರೂ ಬಾಯಿ ಬಿಡಲಿಲ್ಲ.

ಆರು ಗಂಟೆಗೆ ಹುಳುಗಳಿಗೆ ಊಟ ಸಿಕ್ಕಿತು. ಮೊದಲು ಏನೂ ಕೇಳಿಸಲಿಲ್ಲ. ನವ್ಯಶ್ರೀ ಪರದೆಗೆ ಮೂಗು ಒತ್ತಿ ಕಾದಳು. ಒಂದು ಮೂಲೆಯಲ್ಲಿ ಶುರುವಾಯಿತು, ಯಾರೋ ಪೇಪರ್ ಮುದುರುವ ಹಾಗೆ ಚರಚರ ಚರಚರ. ಆಮೇಲೆ ಮನೆಯಿಡೀ ಅದೇ ಸದ್ದು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಮತ್ತೆ ಅಳು ಬಂತು.

“ತಿಂತಾ ಇದಾವೆ ಅಪ್ಪ!”

“ಹೂಂ,” ಎಂದ ಅಪ್ಪ. ಅವಳ ಒದ್ದೆ ಜಡೆಯನ್ನು ಮೆಲ್ಲಗೆ ಎಳೆದ. ಕೋಪ ಹೋಗಿತ್ತು.

ಕತ್ತಲಾಗುವ ಮುಂಚೆ ಅಜ್ಜಿ ಅವಳನ್ನು ಅಡುಗೆಮನೆಯ ಕಿಟಕಿಯ ಆಚೆ ಕರೆದುಕೊಂಡು ಹೋದಳು. ಅಲ್ಲಿ ಕಲ್ಲಂಗಡಿ ಸಿಪ್ಪೆಯ ರಾಶಿ ಕೊಳೆಯುತ್ತಿತ್ತು. ನೊಣಗಳು ಅದರ ಮೇಲೆ ಜಾತ್ರೆ ನೆರೆದಿದ್ದವು.

“ಇದನ್ನ ಇಲ್ಲಿ ಎಸೆದೋರು ಯಾರು?”

“ಹಸು ತಿನ್ಲಿ ಅಂತ ಕಿಟಕಿಯಿಂದ...” ನವ್ಯಶ್ರೀಯ ಮಾತು ಅರ್ಧಕ್ಕೇ ನಿಂತಿತು. ಮೊದಲು ಆ ಕಿಟಕಿಯ ಆಚೆಯೇ ಇರುತ್ತಿದ್ದ ಹಸು ಹದಿನೈದು ದಿನದಿಂದ ಹೊಂಗೆ ಮರದ ಕೆಳಗಿತ್ತು.

“ದಿನಾ ಎಲೆ ಹಾಕಿ ನೊಣಕ್ಕೆ ಊಟ ಬಡಿಸೋಳು ನೀನು. ಬೈಸ್ಕೊಳ್ಳೋದು ಹಸು!”

ನವ್ಯಶ್ರೀ ಸಿಪ್ಪೆಯನ್ನೆಲ್ಲ ಬಾಚಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು. ಕಲಗಚ್ಚಿನ ಬಕೆಟ್ಟಿಗೆ ಮುಚ್ಚಳ ಹಾಕಿದಳು. ಪಡಸಾಲೆಯನ್ನು ಸೋಪಿನ ನೀರು ಹಾಕಿ ಮೂರು ಸಲ ತೊಳೆದಳು. ಹುಳು ಮನೆಗೆ ತಂದು ಮಿಕ್ಕಿದ್ದ ಪರದೆಯ ತುಂಡೊಂದು ಅಟ್ಟದ ಮೇಲಿತ್ತು. ಬೆಳಗ್ಗೆ ಅಪ್ಪ ಅದನ್ನು ಅಡುಗೆಮನೆಯ ಕಿಟಕಿಗೆ ಬಿಗಿದ.

“ತಗೋ, ನಿಂಗೂ ನೆಟ್ ಆಯ್ತು. ನೀನೂ ಹುಳಾನೇ ಇನ್ಮೇಲೆ,” ಎಂದ.

ಹತ್ತು ಗಂಟೆಗೆ ಮೇಘನ ಅವಳಪ್ಪನ ಸ್ಕೂಟರಿನಿಂದ ಇಳಿದಳು. ಹಸಿರು ಫ್ರಾಕು, ಹೊಸ ಕ್ಲಿಪ್ಪು. ಅಜ್ಜಿ “ಬಾಮ್ಮ, ಬಾ ಒಳಗೆ,” ಎಂದು ಕರೆದಳು.

“ಅಲ್ಲೇ ನಿಂತ್ಕೋ!” ಎಂದು ಕೂಗಿದಳು ನವ್ಯಶ್ರೀ. “ಏನೇ ಹಾಕ್ಕೊಂಡಿದೀಯ?”

“ನಮ್ಮಮ್ಮನ ಬಾಡಿ ಸ್ಪ್ರೇ. ಸೂಪರಾಗಿದೆ ಅಲ್ವಾ?”

“ಸೂಪರಾಗಿದೆ. ಬಾ ನಲ್ಲಿ ಹತ್ರ.”

ಅಜ್ಜಿ ಮೂಗು ಅರಳಿಸಿ ನೋಡಿದಳು. ಏನೂ ಗೊತ್ತಾಗಲಿಲ್ಲ. ಮೊಮ್ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಅರ್ಧ ಗಂಟೆಯ ಮೇಲೆ ಮೇಘನ, ನವ್ಯಶ್ರೀಯ ಹಳೆಯ ಚೂಡಿದಾರ ಹಾಕಿಕೊಂಡು ಪಡಸಾಲೆಯಲ್ಲಿ ಕಲ್ಲಂಗಡಿ ತಿನ್ನುತ್ತಿದ್ದಳು. ನೊಣ ಕಡಿಮೆಯಾಗಿತ್ತು. ಆದರೂ ಒಂದು ಎಲ್ಲಿಂದಲೋ ಬಂದು ತಟ್ಟೆಯ ಅಂಚಿನ ಮೇಲೆ ಕೂತೇಬಿಟ್ಟಿತು. ಮೇಘನಳ ಕೈ ನಿಂತಿತು.

“ಆ ತಾತನ ಮನೆಯಿಂದ ಬಂತೇನೇ ಇದು?”

ಹೂಂ ಎಂದುಬಿಟ್ಟರೆ ಆಗುತ್ತಿತ್ತು. ನವ್ಯಶ್ರೀಯ ನಾಲಗೆಯ ತುದಿಗೂ ಬಂದಿತ್ತು.

“ಇಲ್ಲ ಕಣೆ. ನಮ್ಮನೇದೇ. ನೊಣ ಇದ್ದಿದ್ದು ನಮ್ಮನೇಲೇ. ನೀನು ಬರಲ್ವೇನೋ ಅಂತ ಸುಳ್ಳು ಹೇಳ್ದೆ.” ಆಮೇಲೆ ಸ್ಪ್ರೇ ಕತೆಯನ್ನೂ ಹೇಳಿದಳು.

ಮೇಘನ ನೊಣವನ್ನು ನೋಡಿದಳು. ನವ್ಯಶ್ರೀಯನ್ನು ನೋಡಿದಳು. ಕೈ ಬೀಸಿ ನೊಣ ಓಡಿಸಿ, ಇನ್ನೊಂದು ಹೋಳು ತೆಗೆದುಕೊಂಡಳು.

“ನಮ್ಮನೇಲಿ ಜಿರಳೆ ಇದಾವೆ. ತುಂಬಾ. ಸಿಂಕ್ ಕೆಳಗೆ. ಇಲ್ದಿದ್ರೆ ಆ ಸ್ಪ್ರೇ ನಮ್ಮನೇಲಿ ಯಾಕಿರುತ್ತೆ?” ಎಂದಳು ಮೆಲ್ಲಗೆ. “ಯಾರಿಗೂ ಹೇಳ್ಬೇಡ.”

ಇಬ್ಬರೂ ಕಿಸಕ್ಕನೆ ನಕ್ಕರು. ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡು ಹೊಂಗೆ ಮರದವರೆಗೂ ಹೋಗಿ ಹಸುವಿನ ಬಾಯಿಗೇ ಕೊಟ್ಟು ಬಂದರು.

ಆಮೇಲೆ ಕೈಕಾಲು ತೊಳೆದು, ಪರದೆ ಸರಿಸಿ ಹುಳು ಮನೆಗೆ ಹೋದರು. ಮೇಘನ ಬಾಯಿ ತೆರೆದು ನಿಂತಳು.

“ಏನೇ ಸದ್ದು ಇದು?”

“ಊಟ ಮಾಡ್ತಾ ಇದಾವೆ.”

ಅಜ್ಜಿ ಹೊರೆ ಬಿಚ್ಚಿ ಸೊಪ್ಪಿನ ಕಡ್ಡಿಗಳನ್ನು ಒಂದೊಂದಾಗಿ ಕೊಡುತ್ತಿದ್ದಳು. ನವ್ಯಶ್ರೀ ಪ್ರತಿ ಕಡ್ಡಿಯನ್ನೂ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಒಂದು ಸಲ ಮೂಸುತ್ತಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಏನು ನೋಡ್ತಾ ಇದೀಯ?” ಎಂದು ಕೇಳಿದಳು ಮೇಘನ.

“ಏನಿಲ್ಲ,” ಎಂದಳು ನವ್ಯಶ್ರೀ. ಹಸಿ ಸೊಪ್ಪಿನ ವಾಸನೆ ಮಾತ್ರ ಇತ್ತು. ಕಡ್ಡಿಯನ್ನು ಹುಳುಗಳ ಮೇಲೆ ಮೆಲ್ಲಗೆ ಇಟ್ಟು, ಮುಂದಿನದಕ್ಕೆ ಕೈ ಚಾಚಿದಳು.